‘ಮಾಡಿದೆವು’ ಇಲ್ಲದ ಪುಟ: ಪ್ರಬಂಧ ಬರೆಸಿದ ನನ್ನ ಅನುಭವ

ಮಕ್ಕಳ ಪ್ರಬಂಧದಲ್ಲಿ ಪದವೈವಿಧ್ಯ ತರಲು ಪರ್ಯಾಯಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ನಮ್ಮ ಶಾಲೆಗಳ ರೂಢಿ. ನಾನೂ ಅದರಿಂದಲೇ ಆರಂಭಿಸಿದೆ. ಕೈಯಿಂದ ಸುಮಾರು ಎರಡು ಸಾವಿರ ರೂಪಾಯಿ ಹಾಕಿ ಕಿರುನಿಘಂಟುಗಳನ್ನು ತಂದೆ, ಗೋಡೆಗೆ ಫ್ಲೆಕ್ಸ್ ಹಾಕಿಸಿದೆ. ಫಲವಾಗಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ‘ಅಮ್ಮ ಸ್ನಾನಕ್ಕೆ ಸಲಿಲ ಕಾಯಿಸಿದಳು’ ಎಂದು ಬರೆದಳು. ಪದ ಹೊಸದಾಯಿತು, ಬರಹ ಕೆಟ್ಟಿತು.

ಆಮೇಲೆ ನಾಮಪದಗಳನ್ನು ಬಿಟ್ಟು ಕ್ರಿಯಾಪದ ಹಿಡಿದೆ. ನಮ್ಮ ಮಕ್ಕಳ ಒಂದು ಪುಟದಲ್ಲಿ ಹತ್ತು ಹನ್ನೆರಡು ಕಡೆ ‘ಮಾಡು’ ಇರುತ್ತದೆ: ಕೆಲಸ ಮಾಡಿದೆವು, ಊಟ ಮಾಡಿದೆವು, ನಿದ್ದೆ ಮಾಡಿದೆವು. ಆ ಒಂದು ಪದವನ್ನು ಒಂದು ಪುಟದ ಮಟ್ಟಿಗೆ ನಿಷೇಧಿಸಿ, ಬದಲಿ ಪದವನ್ನು ನಿಘಂಟಿನಲ್ಲಿ ಹುಡುಕದೆ ಮನೆಯವರನ್ನು ಕೇಳಿ ತರುವಂತೆ ಹೇಳಿದೆ. ನಮ್ಮದು ಮಲೆನಾಡಿನ ಅಡಿಕೆಯ ಊರು. ‘ಮನೆಯವರೆಲ್ಲ ಅಡಿಕೆ ಕೆಲಸ ಮಾಡಿದೆವು’ ಎಂದು ಮುಗಿಸಿದ್ದ ಹುಡುಗ ವಾರದ ನಂತರ ಬರೆದದ್ದು ಹೀಗಿತ್ತು: ‘ದೊಡ್ಡಪ್ಪ ಕೊನೆ ಇಳಿಸಿದರು, ಉದುರಿದ ಕಾಯಿಗಳನ್ನು ನಾನು ಹೆಕ್ಕಿದೆ, ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಸುಲಿದಳು, ಬೆಳಗ್ಗೆ ಹಂಡೆಯಲ್ಲಿ ಬೇಯಿಸಿ ಅಟ್ಟದ ಮೇಲೆ ಹರವಿದೆವು.’ ನಮ್ಮ ಕಡೆ ಕೊನೆ ಎಂದರೆ ಅಡಿಕೆಯ ಗೊಂಚಲು, ಮೆಟ್ಟುಗತ್ತಿ ಎಂದರೆ ಅಡಿಕೆ ಸುಲಿಯುವ ಕತ್ತಿ, ಅಟ್ಟ ಎಂದರೆ ಅಂಗಳದಲ್ಲಿ ಅಡಿಕೆ ಒಣಗಿಸುವ ಚಪ್ಪರ. ಇದರಲ್ಲಿ ಕಠಿಣ ಪದ ಒಂದೂ ಇಲ್ಲ. ಆದರೂ ಓದುವವರ ಕಣ್ಣೆದುರು ಅಂಗಳವೇ ಬಂದು ನಿಲ್ಲುತ್ತದೆ.

ಊರಿನ ಪದಗಳನ್ನು ಬಳಸಿದರೆ ಅಂಕ ಹೋಗುತ್ತದೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದಿದಾಗ, ಪ್ರಬಂಧದ ಐದು ಅಂಕಗಳಲ್ಲಿ ಎರಡಕ್ಕೇ ನಿಲ್ಲುತ್ತಿದ್ದ ಬಹುತೇಕ ಮಕ್ಕಳು ಮೂರೂವರೆ, ನಾಲ್ಕು ಪಡೆದಿದ್ದರು. ಎಚ್ಚರಿಸಿದವರಲ್ಲಿ ಇಬ್ಬರು ಈಗ ಇದೇ ಕ್ರಮ ಅನುಸರಿಸುತ್ತಿದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ. ಈ ಬಾರಿಯ ಖರ್ಚು ಸ್ಕೆಚ್ ಪೆನ್ನುಗಳಿಗೆ ಕೊಟ್ಟ ನೂರೈವತ್ತು ರೂಪಾಯಿಯಷ್ಟೆ; ಮಕ್ಕಳು ತಂದ ಪದಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿದೆ.

ನಡುವೆ ಏಳನೆಯ ತರಗತಿಯಲ್ಲಿ ‘ಹೇಳಿದನು’ ಎಂಬುದನ್ನೂ ನಿಷೇಧಿಸಿ ನೋಡಿದೆ. ಗೊಣಗಿದನು, ಗದರಿದನು, ಪಿಸುಗುಟ್ಟಿದನು ಎಂಬ ಪದಗಳೇನೋ ಬಂದವು, ಆದರೆ ಸುಮ್ಮನೆ ಮಾತನಾಡುವವರೇ ಕಥೆಗಳಲ್ಲಿ ಉಳಿಯಲಿಲ್ಲ. ಆ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟೆ. ಬಾಯಿಬಿಡದ ಮಕ್ಕಳಿಂದ ಮೊದಲ ಪದ ಹೊರಡಿಸಲು ನಾನು ಕೇಳುವ ಎರಡು ಪ್ರಶ್ನೆಗಳನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅರ್ಜಿ, ಮನವಿಪತ್ರಗಳಿಗೆ ‘ಮಾಡು’ ಪದದ ನಿಷೇಧ ಅನ್ವಯಿಸುವುದಿಲ್ಲ. ಅಲ್ಲಿ ‘ರಜೆ ಮಂಜೂರು ಮಾಡಬೇಕೆಂದು’ ಎಂದೇ ಬರೆಸುತ್ತೇನೆ.