ಇಮೋರಿಗೆ ಒಂದು ದಡ ಕಟ್ಟಿಕೊಡುವುದು ಹೇಗೆ?

ಜಪಾನಿನಲ್ಲಿ ಗೋಡೆ ಮೇಲಿನ ಹಲ್ಲಿಗೆ ಯಾಮೋರಿ ಅನ್ನುತ್ತಾರೆ, ಅಂದರೆ ಮನೆ ಕಾಯುವವನು. ಗದ್ದೆ ನೀರಿನಲ್ಲಿ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಓಡಾಡುವ ಇನ್ನೊಂದು ಜೀವಿ ಇಮೋರಿ, ಬಾವಿ ಕಾಯುವವನು. ನೋಡಲು ಹಲ್ಲಿ ಥರ ಇದ್ದರೂ ಇದು ಕಪ್ಪೆಯ ಕಡೆಯ ನೆಂಟ. ಒದ್ದೆ ಚರ್ಮ, ಕಪ್ಪು ಬೆನ್ನು, ಕೆಂಡದಂಥ ಹೊಟ್ಟೆ. ಇಂಗ್ಲಿಷಿನವರ ನ್ಯೂಟ್ ಇದೇ. ಕರ್ನಾಟಕದಲ್ಲಿ ಈ ಪ್ರಾಣಿ ಇಲ್ಲ, ಹಾಗಾಗಿ ನಮ್ಮ ಬಾಯಲ್ಲಿ ಇದಕ್ಕೊಂದು ಹೆಸರೂ ಇಲ್ಲ.

ನಗೋಯಾದ ನಮ್ಮ ಮನೆಯಲ್ಲಿ ಮೂರು ಇಮೋರಿಗಳಿವೆ. ಅವನ್ನು ನೋಡಿದ ಇಲ್ಲಿನ ಕನ್ನಡದ ಗೆಳೆಯರೆಲ್ಲ ಟ್ಯಾಂಕ್ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಮೊದಲು ಟ್ಯಾಂಕ್. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ್ದು ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಮೂರಕ್ಕೆ ಅದು ಸಾಕು. ಅದಕ್ಕಿಂತ ಮುಖ್ಯ ಮುಚ್ಚಳ. ಒದ್ದೆ ಹೊಟ್ಟೆಯನ್ನು ಗಾಜಿಗೆ ಅಂಟಿಸಿಕೊಂಡು ಇವು ನೇರ ಮೇಲಕ್ಕೆ ಹತ್ತುತ್ತವೆ. ಗಾಳಿ ಪೈಪ್ ಹೋಗಲು ನಾನು ಬಿಟ್ಟಿದ್ದ ಬೆರಳಗಲದ ಸಂದಿಯಲ್ಲಿ ಒಂದು ರಾತ್ರಿ ಒಂದು ನುಸುಳಿ ಹೋಯಿತು. ಬೆಳಿಗ್ಗೆ ಚಪ್ಪಲಿ ಗೂಡಿನ ಹಿಂದೆ, ಮೈತುಂಬ ಧೂಳು ಮೆತ್ತಿಕೊಂಡು, ಒಣಗಿದ ಹುಣಸೆ ಸಿಪ್ಪೆ ಥರ ಬಿದ್ದಿತ್ತು. ಅಂಗೈಯಲ್ಲಿ ನೀರು ಹಾಕಿ ಹಿಡಿದೆ, ಸ್ವಲ್ಪ ಹೊತ್ತಿಗೆ ಮುಂಗಾಲು ಆಡಿತು, ಬದುಕಿತು. ಈಗ ಆ ಸಂದಿಗೆ ಸ್ಪಾಂಜ್ ತುರುಕಿದ್ದೇನೆ. ಗಾಳಿ ಆಡಲು ಮುಚ್ಚಳಕ್ಕೆ ಸಣ್ಣ ಕಣ್ಣಿನ ಜಾಲರಿ ಇರಲಿ.

ಇನ್ನು ದಡ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಇಲ್ಲೇ ಕೊಡಿ. ಅಂಗಡಿಯಲ್ಲಿ ಸಿಗುವ ತೇಲುವ ಪ್ಲಾಸ್ಟಿಕ್ ಹಲಗೆ ಇಟ್ಟರೆ ಇಮೋರಿಗೆ ಹತ್ತಲು ಜಾಗವೇನೋ ಆಯಿತು, ಆದರೆ ಗದ್ದೆ ಬದು ಹಾಗಿರುತ್ತದೆಯೇ? ನೀರು ನಿಧಾನ ಆಳ ಕಡಿಮೆಯಾಗುತ್ತಾ ಹೋಗಿ, ಕೆಸರಾಗಿ, ಪಾಚಿಯಾಗಿ, ಆಮೇಲೆ ನೆಲ. ಆ ಇಳಿಜಾರು ಬೇಕು. ನಾನು ಮೊದಲ ಸಲ ಸುಮ್ನೆ ಮರಳನ್ನೇ ಗುಡ್ಡೆ ಹಾಕಿದ್ದೆ, ವಾರದೊಳಗೆ ಎಲ್ಲ ಜಾರಿ ನೀರಿನ ತಳ ಸೇರಿತು. ಆಮೇಲೆ ಕಂಡುಕೊಂಡ ದಾರಿ ಹೀಗಿದೆ. ಈರುಳ್ಳಿ ಬರುತ್ತದಲ್ಲ, ಆ ಬಲೆಚೀಲದಲ್ಲಿ ಹಗುರವಾದ ತೂತುತೂತು ಕಲ್ಲು ತುಂಬಿ, ಟ್ಯಾಂಕಿನ ಒಂದು ಬದಿಗೆ ಮೆಟ್ಟಿಲಿನ ಹಾಗೆ ಜೋಡಿಸಿ. ಅದರ ಮುಂದೆ ಚಪ್ಪಟೆ ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ, ಟ್ಯಾಂಕಿಗೆ ಬಳಸುವ ಸಿಲಿಕೋನ್ ಹಚ್ಚಿ ಅಂಟಿಸಿ, ಪೂರ್ತಿ ಒಣಗಲು ಬಿಡಿ. ಕಲ್ಲು ಅಲುಗಾಡಲೇಬಾರದು, ಇಮೋರಿ ಕೆಳಗೆ ತೂರಿದಾಗ ಜರುಗಿದರೆ ಜೀವವೇ ಹೋಗುತ್ತದೆ. ಮೇಲೆ ನಾಲ್ಕು ಬೆರಳು ಮಣ್ಣು, ಗೊಬ್ಬರ ಬೆರೆಸದ್ದು. ಅದರ ಮೇಲೆ ಹಸಿರು ಪಾಚಿ ಹಾಸಿ. ಪಾಚಿಯ ಅಂಚು ನೀರಿಗೆ ತಾಗುವ ಹಾಗಿದ್ದರೆ ಅದೇ ನೀರು ಹೀರಿಕೊಂಡು ಹಸಿಯಾಗಿರುತ್ತದೆ. ಒಂದು ತುಂಡು ಮರದ ತೊಗಟೆ ಬೋರಲು ಹಾಕಿದರೆ ಅಡಗಲು ಮನೆಯೂ ಆಯಿತು.

ದಡಕ್ಕೆ ಮೂರರಲ್ಲಿ ಒಂದು ಪಾಲು, ನೀರಿಗೆ ಎರಡು ಪಾಲು, ನೀರಿನ ಆಳ 15 ಸೆಂಟಿಮೀಟರ್. ತಳಕ್ಕೆ ನಯವಾದ ಹೊಳೆ ಮರಳು. ಜಲ್ಲಿ ಬೇಡವೇ ಬೇಡ. ಇವು ಊಟವನ್ನು ಬಾಯಿಂದ ಎಳೆದುಕೊಳ್ಳುವಾಗ ಬಾಯಿಗೆ ಹಿಡಿಸುವ ಕಲ್ಲೂ ಒಳಗೆ ಹೋಗಿ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಗಿಡಗಳಲ್ಲಿ ಜಾವಾ ಮಾಸ್, ಅನೂಬಿಯಾಸ್, ಅನಾಚಾರಿಸ್ ಸಾಕು. ಮೂರಕ್ಕೂ ತಂಪು ನೀರು, ಮಂದ ಬೆಳಕು ಒಗ್ಗುತ್ತದೆ.

ಫಿಲ್ಟರ್ ಸ್ಪಾಂಜಿನದ್ದೇ ಇರಲಿ, ಗಾಳಿ ಕಡಿಮೆ ಬಿಡಿ. ಗದ್ದೆ ನೀರು ಓಡುವುದಿಲ್ಲ ಅಲ್ವಾ, ಸೆಳವು ಜೋರಾದರೆ ಇವು ಮೂಲೆ ಹಿಡಿದು ಕೂರುತ್ತವೆ, ಊಟ ಬಿಡುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ನೀರು ತುಂಬಿದ ದಿನವೇ ಪ್ರಾಣಿ ಬಿಡುವ ಆತುರ ಮಾತ್ರ ಬೇಡ. ಕೊಳೆತ ಊಟ, ಹಿಕ್ಕೆಯಿಂದ ಬರುವ ಅಮೋನಿಯ ವಿಷ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ಕೆಡುಕು ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟೂ ದಿನ ಚಿಟಿಕೆ ಮೀನಿನ ಊಟ ಹಾಕುತ್ತಾ ಖಾಲಿ ಟ್ಯಾಂಕನ್ನೇ ನಡೆಸಿ. ಪರೀಕ್ಷೆ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಇಮೋರಿ ತನ್ನಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಆಯಿತು.

ಬಿಸಿಲು ಕಾಲವೇ ದೊಡ್ಡ ಚಿಂತೆ. ನೀರು 25 ಡಿಗ್ರಿ ದಾಟದಿದ್ದರೆ ಒಳ್ಳೆಯದು, ನಗೋಯಾದ ಆಗಸ್ಟಿನಲ್ಲಿ ಹೊರಗೆ 35 ಮಾಮೂಲು. ನೀರಿನ ಮೇಲೆ ಗಾಳಿ ಹಾಯುವ ಹಾಗೆ ಸಣ್ಣ ಫ್ಯಾನ್ ಕಟ್ಟಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ, ನಮ್ಮ ಮಣ್ಣಿನ ಹೂಜಿ ತಂಪಾಗುವುದೂ ಹೀಗೇ. ಅದೂ ಸಾಲದ ದಿನ ನಾನು ಆ ಕೋಣೆಯ ಎಸಿ ಹಾಕಿಯೇ ಕೆಲಸಕ್ಕೆ ಹೋಗುತ್ತೇನೆ.

ಊಟಕ್ಕೆ ಎರಡು ದಿನಕ್ಕೊಮ್ಮೆ ಎರೆಹುಳದ ತುಂಡು, ಇಲ್ಲವೇ ಸಾಕುಮೀನಿನ ಊಟಕ್ಕೆ ಅಂತ ಹೆಪ್ಪುಗಟ್ಟಿಸಿ ಮಾರುವ ಕೆಂಪು ಹುಳ ಕರಗಿಸಿ ಕೊಡಿ. ಚಿಮಟದಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದರೆ ತಲೆ ಓರೆ ಮಾಡಿ ನೋಡಿ, ಗಬಕ್ಕನೆ ಹಿಡಿಯುತ್ತದೆ. ಮೀನುಗಳನ್ನು ಜೊತೆಗೆ ಬಿಡಬೇಡಿ. ಇಮೋರಿಯ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಇದೆ, ಫುಗು ಮೀನಿನಲ್ಲಿರುವ ವಿಷವೇ. ಸುಮ್ನೆ ಮುಟ್ಟಿದರೆ ಗಾಬರಿ ಇಲ್ಲ, ಆದರೆ ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪಿನಲ್ಲಿ ತೊಳೆಯದೆ ಕಣ್ಣು, ಬಾಯಿ ಮುಟ್ಟಲೇಬೇಡಿ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ.

ಗದ್ದೆಯಿಂದ ಹಿಡಿದು ತರಬೇಡಿ, ದಯವಿಟ್ಟು. ಕಾಲುವೆಗಳು ಕಾಂಕ್ರೀಟ್ ಆಗಿ ಇವು ಹತ್ತಲಾಗದೆ, ಗದ್ದೆಗಳೇ ಇಲ್ಲವಾಗಿ ಸಂಖ್ಯೆ ಇಳಿಯುತ್ತಿದೆ, ಅಳಿವಿನ ಆತಂಕವಿರುವ ಜೀವಿಗಳ ಜಪಾನಿನ ಕೆಂಪುಪಟ್ಟಿಯಲ್ಲಿ ಹೆಸರು ಸೇರಿದೆ. ಸಾಕಿ ಮರಿ ಮಾಡಿಸುವವರ ಹತ್ತಿರ ಕೇಳಿ ತನ್ನಿ. 20 ವರ್ಷ ಬದುಕಬಲ್ಲ ಜೀವ ಇದು, ಸಾಕಾಯಿತು ಅಂತ ಎಲ್ಲೋ ಬಿಡುವಂತಿಲ್ಲ. ಊರಲ್ಲಿರುವವರಿಗೂ ಒಂದು ಮಾತು. ಡಾರ್ಜಿಲಿಂಗ್ ಕಡೆ ಹಿಮಾಲಯದ ನ್ಯೂಟ್ ಇದೆ, 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಅದಕ್ಕಿದೆ, ಹಿಡಿದು ಸಾಕುವುದು ಅಪರಾಧ.

ಟ್ಯಾಂಕ್ ಒಗ್ಗಿದೆ ಅಂತ ನನಗೆ ಗೊತ್ತಾಗಿದ್ದು ಎರಡನೇ ವರ್ಷದ ಏಪ್ರಿಲಿನಲ್ಲಿ. ಹೆಣ್ಣು ಇಮೋರಿ ಅನಾಚಾರಿಸ್ ಎಲೆಯೊಂದನ್ನು ಮೂಸಿ ನೋಡಿ, ಹಿಂಗಾಲುಗಳಲ್ಲಿ ಬೀಡಾ ಕಟ್ಟುವವರ ಹಾಗೆ ಮಡಚಿ, ಹಾಗೇ ಹಿಡಿದುಕೊಂಡು ಅಲುಗದೆ ನಿಂತಿತು. ಬಿಟ್ಟು ಹೋದ ಮೇಲೆ ನೋಡಿದರೆ ಮಡಿಕೆಯೊಳಗೆ ಸಾಬೂದಾನಿ ಕಾಳಿನಂಥ ಒಂದೇ ಒಂದು ಮೊಟ್ಟೆ. ಅಂಥ ಎಲೆ ಕಂಡರೆ ಕಡ್ಡಿ ಸಮೇತ ಕತ್ತರಿಸಿ, ಅದೇ ಟ್ಯಾಂಕಿನ ನೀರು ಹಾಕಿದ ಬೇರೆ ಬಟ್ಟಲಿಗೆ ಹಾಕಿ. ಅಲ್ಲೇ ಬಿಟ್ಟರೆ ದೊಡ್ಡವೇ ತಿಂದುಬಿಡುತ್ತವೆ.