ದುಡಿಯಲು ಹೋದವರ ಮಕ್ಕಳ ಮನಸ್ಸನ್ನು ಕಾಯುವುದು ಹೇಗೆ?

ಯಾದಗಿರಿ, ಕಲಬುರಗಿ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ತಂದೆತಾಯಿಯರು ಬೆಂಗಳೂರು, ಪುಣೆ, ಮುಂಬೈಗಳಿಗೆ ದುಡಿಯಲು ಹೋದಾಗ ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿದು ಶಾಲೆ ಕಲಿಯುತ್ತಾರೆ. ಈ ಬರಹ ಆ ಹಿರಿಯರಿಗಾಗಿ.

ಮಗು ತನ್ನ ದುಃಖವನ್ನು ದುಃಖವೆಂದೇ ಹೇಳುವುದು ಅಪರೂಪ. ಶಾಲೆಗೆ ಹೊರಡುವ ಹೊತ್ತಿಗೆ ಬರುವ ಹೊಟ್ಟೆನೋವು, ನಿದ್ದೆಯಲ್ಲಿ ಬೆಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವಿಕೆ ಮರುಕಳಿಸುವುದು, ತಮ್ಮ-ತಂಗಿಯರ ಮೇಲಿನ ಸಿಟ್ಟು, ಇವೇ ಅದರ ಮಾತು. ಹೊಟ್ಟೆನೋವನ್ನು ನೆಪವೆಂದು ಗದರಬೇಡಿ. ವೈದ್ಯರು ದೇಹದಲ್ಲಿ ತೊಂದರೆಯಿಲ್ಲ ಎಂದ ಮೇಲೂ ಆ ನೋವು ಮಗುವಿಗೆ ನಿಜವೇ.

ಎದುರು ಕೂರಿಸಿಕೊಂಡು ಪ್ರಶ್ನಿಸುವುದಕ್ಕಿಂತ, ರೊಟ್ಟಿ ಬಡಿಯುವಾಗ ಅಥವಾ ತೊಗರಿ ಹಸನು ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮೇಲು. ಕೈಗೆ ಕೆಲಸವಿದ್ದಾಗ ಮಗುವಿನ ಮಾತು ತಾನಾಗಿ ಹೊರಬರುತ್ತದೆ. "ಗಂಡುಮಗ ಅಳಬಾರದು" ಎನ್ನುವ ಬದಲು "ಅವ್ವನ ನೆನಪಾಯ್ತೇನಪ್ಪ?" ಎಂದು ಕೇಳಿ.

ತಂದೆತಾಯಿಯರು ಕರೆ ಮಾಡುವ ಹೊತ್ತು ನಿಗದಿಯಾಗಿರಲಿ. ವಾರಕ್ಕೆ ಎರಡೇ ಸಲವಾದರೂ ತಪ್ಪಬಾರದು. ಅಂಕಗಳ ವಿಚಾರಣೆ ಮಾತಿನ ಕೊನೆಗಿರಲಿ. ಬರಲಾಗದೆಂದು ಗೊತ್ತಿದ್ದೂ "ಪಂಚಮಿಗೆ ಬರುತ್ತೇವೆ" ಎನ್ನುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಮಗು ದಿನಗಳನ್ನು ಎಣಿಸುತ್ತಿರುತ್ತದೆ.

ಲಕ್ಷಣಗಳು ಎರಡು ವಾರ ಮೀರಿದರೆ ಶಿಕ್ಷಕರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅಂದೇ ಕರೆ ಮಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಹತ್ತಿ-ತೊಗರಿಗೆ ಸಿಂಪಡಿಸುವ ಔಷಧಿಯನ್ನು ಬೀಗ ಹಾಕಿಡಿ. ಮಗುವಿನ ಮೇಲೆ ದೌರ್ಜನ್ಯ ನಡೆದ ಸುಳಿವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.