ಹದಿಮೂರನೆಯ ಕಂತು

ನಾರ್ತ್ ಕ್ಯಾರೊಲಿನಾದಲ್ಲಿ ನಾವು ಮನೆ ಕೊಂಡು ಇನ್ನೂ ಮೂರು ವಾರವಾಗಿರಲಿಲ್ಲ, ಅಂಚೆಪೆಟ್ಟಿಗೆಯಲ್ಲಿ ಒಂದು ಲಕೋಟೆ ಬಿದ್ದಿತ್ತು. ಮೇಲೆ ನಮ್ಮ ಬ್ಯಾಂಕಿನ ಹೆಸರು, ಒಳಗೆ ನಮ್ಮ ಸಾಲದ ಮೊತ್ತ. ಬ್ಯಾಂಕಿನದೇ ಪತ್ರವೆಂದು ನಂಬಿದೆ. ಇಲ್ಲಿ ಅಡಮಾನದ ದಾಖಲೆಯನ್ನು ಕೌಂಟಿ (ನಮ್ಮ ಜಿಲ್ಲೆಯಂಥದು) ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದೆಂದು ಆಗ ಗೊತ್ತಿರಲಿಲ್ಲ. ಪತ್ರ ಕಳಿಸಿದ್ದು ಬೇರೊಂದು ಕಂಪನಿ; ತಮಗೂ ಬ್ಯಾಂಕಿಗೂ ಸಂಬಂಧವಿಲ್ಲ ಎಂಬ ಮಾತು ಹಿಂಬದಿಯಲ್ಲಿತ್ತು, ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ಕಂತನ್ನು ಅರ್ಧ ಮಾಡಿ ಎರಡು ವಾರಕ್ಕೊಮ್ಮೆ ತಮಗೆ ಕಟ್ಟಿದರೆ ಮೂವತ್ತು ವರ್ಷದ ಸಾಲ ಐದಾರು ವರ್ಷ ಮೊದಲೇ ತೀರುತ್ತದೆ ಎಂದಿದ್ದರು. ನನ್ನ ಸಂಬಳವೂ ಎರಡು ವಾರಕ್ಕೊಮ್ಮೆ ಬರುತ್ತಿತ್ತು. ಸೇರಿಕೊಂಡೆ. ಸೇರುವುದಕ್ಕೆ 395 ಡಾಲರ್, ಆಮೇಲೆ ಖಾತೆಯಿಂದ ಹಣ ಎಳೆದಾಗಲೆಲ್ಲ ಮೂರೂವರೆ ಡಾಲರ್.

ವರ್ಷ ಕಳೆದ ಮೇಲೆ ಹೆಂಡತಿ ಸ್ಟೇಟ್‌ಮೆಂಟುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಳು. "ರೀ, ಬ್ಯಾಂಕಿಗೆ ಎರಡು ವಾರಕ್ಕೊಮ್ಮೆ ಹಣ ಹೋಗಿಯೇ ಇಲ್ಲವಲ್ಲ!"

ನಿಜವೇ. ಅರ್ಧ ಕಂತುಗಳು ಕಂಪನಿಯ ಬಳಿಯೇ ಬಿದ್ದಿದ್ದು, ಬ್ಯಾಂಕಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದವು. ವರ್ಷದ ಕೊನೆಗೆ ಒಂದು ಹೆಚ್ಚುವರಿ ಕಂತು ಕಟ್ಟಿದ್ದರು. ಅದನ್ನೂ ಬ್ಯಾಂಕು ಅಸಲಿಗೆ ಹಾಕದೆ, ಮುಂದಿನ ತಿಂಗಳ ಕಂತೆಂದು ಜಮಾ ಮಾಡಿತ್ತು.

ಅಂದು ರಾತ್ರಿ ಲೆಕ್ಕ ಹಾಕಿದೆ. ನಾವು ಕನ್ನಡಿಗರು 'ಹದಿನೈದು ದಿನಕ್ಕೊಮ್ಮೆ' ಎಂದರೆ ತಿಂಗಳಿಗೆ ಎರಡು ಸಲ, ವರ್ಷಕ್ಕೆ 24. ಇವರದು ಹದಿನಾಲ್ಕು ದಿನ, ವರ್ಷಕ್ಕೆ 26 ಅರ್ಧ ಕಂತು, ಅಂದರೆ 13 ಪೂರ್ತಿ ಕಂತು. ಆ ಒಂದು ದಿನದ ವ್ಯತ್ಯಾಸದಲ್ಲಿಯೇ ಎಲ್ಲ ಜಾದೂ ಅಡಗಿದೆ. ನಮ್ಮ ಸಾಲ ಎರಡು ಲಕ್ಷ ಡಾಲರ್, ಬಡ್ಡಿ ಶೇ. 6, ತಿಂಗಳ ಕಂತು 1,199. ಹದಿಮೂರನೆಯ ಕಂತನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ ನೂರು ಡಾಲರ್. ಅಷ್ಟನ್ನು ನಾನೇ ಅಸಲಿಗೆ ಕಟ್ಟಿದರೆ ಸಾಲ ಇಪ್ಪತ್ತನಾಲ್ಕೂವರೆ ವರ್ಷದಲ್ಲಿ ತೀರುತ್ತದೆ, ಬಡ್ಡಿಯಲ್ಲಿ ಸುಮಾರು 49,000 ಡಾಲರ್ ಉಳಿಯುತ್ತದೆ. ಇದಕ್ಕೆ ದಲ್ಲಾಳಿಗೆ ವರ್ಷಕ್ಕೆ 91 ಡಾಲರ್ ಏಕೆ ಕೊಡಬೇಕು?

ಮೋಸಹೋದವನು ನಾನೊಬ್ಬನೇ ಅಲ್ಲ ಎಂಬುದು ಆಮೇಲೆ ತಿಳಿಯಿತು. 2015ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ, ಪೇಮ್ಯಾಪ್ ಎಂಬ ಕಂಪನಿ ಇಂಥ ಯೋಜನೆಗೆ ವಸೂಲು ಮಾಡಿದ್ದ 3.34 ಕೋಟಿ ಡಾಲರ್ ಶುಲ್ಕವನ್ನು ಗ್ರಾಹಕರಿಗೆ ಹಿಂದಿರುಗಿಸಲು ಆದೇಶಿಸಿತ್ತು. ನಾನು ಸೇರಿದ್ದು ಬೇರೆ ಕಂಪನಿ. ನನ್ನ 395 ಡಾಲರ್ ವಾಪಸ್ ಬರಲಿಲ್ಲ.

ಕಂಪನಿಗೆ ಪತ್ರ ಬರೆದು ಆ ಯೋಜನೆಯನ್ನು ರದ್ದು ಮಾಡಿಸಿದೆ. ಬ್ಯಾಂಕಿಗೆ ಫೋನ್ ಮಾಡಿ, ಅವಧಿಗೆ ಮೊದಲೇ ಕಟ್ಟಿದರೆ ದಂಡವುಂಟೇ ಎಂದು ಕೇಳಿದೆ. ಇಲ್ಲ ಎಂದರು. ಅರ್ಧ ಕಂತುಗಳನ್ನು ನಾನೇ ನೇರವಾಗಿ ಕಳಿಸಲೇ ಎಂದಾಗ, ಬೇಡ, ಪೂರ್ತಿ ಕಂತಾಗುವವರೆಗೆ ಅದು ಸುಮ್ಮನೆ ಬದಿಯಲ್ಲಿ ಬಿದ್ದಿರುತ್ತದೆ ಎಂದರು. ಬ್ಯಾಂಕಿನ ಪಾವತಿ ಪುಟದಲ್ಲಿ 'ಅಡಿಷನಲ್ ಪ್ರಿನ್ಸಿಪಲ್', ಅಂದರೆ ಹೆಚ್ಚುವರಿ ಅಸಲು, ಎಂಬ ಖಾಲಿ ಚೌಕವೊಂದಿದೆ. ಅದರಲ್ಲಿ 100 ಎಂದು ತುಂಬಿದೆ. ಹಿಂದಿನ ಅನುಭವದ ಮೇಲೆ ಮುಂದಿನ ಸ್ಟೇಟ್‌ಮೆಂಟ್ ಬರುವವರೆಗೆ ಸಮಾಧಾನವಿರಲಿಲ್ಲ. ಆ ನೂರೂ ಅಸಲಿಗೇ ಹೋಗಿತ್ತು.

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ ವರ್ಷ ನಾಲ್ಕು ತಿಂಗಳು ಆ ಚೌಕವನ್ನು ಖಾಲಿ ಬಿಟ್ಟೆ. ಯಾರೂ ಏಕೆಂದು ಕೇಳಲಿಲ್ಲ.